ಕಂಡಿಯ ದೀಪ ಆರಿಸಿದವರು

ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ. ಮುಯಿತೋವ ಎಂಬ ದ್ವೀಪದೂರಿನ ಠಾಣೆಯ ಬೀಗ ತೆಗೆಯುವ ಮೊದಲೇ ಆನಾಸೀನಿ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಹಿಂದಿನ ರಾತ್ರಿ ಅವಳ ಗಂಡ ಫೆಯಾವೊ ಮೀನು ಹಿಡಿದು ವಾಪಸಾಗುವಾಗ ದೋಣಿ ಹವಳದ ಬಂಡೆಗೆ ಬಡಿದು ಸತ್ತಿದ್ದ. ಹೆಣ ನಸುಕಿನಲ್ಲಿ ದಡಕ್ಕೆ ಬಂದಿತ್ತು.

"ಆ ಶೂಟಿಂಗ್‌ನವರನ್ನ ಒಳಗೆ ಹಾಕಿ ಸಾರ್. ಕಂಡಿ ದೀಪ ಆರಿಸಿ ತಮ್ದು ಹಚ್ಚಿದಾರೆ. ನನ್ ಗಂಡ ಅದನ್ನೇ ನಮ್ ದೀಪ ಅಂದ್ಕೊಂಡ."

ಇನ್ಸ್‌ಪೆಕ್ಟರ್ ಸೆಮಿಸಿ ದೂರು ಬರೆದುಕೊಂಡು, ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಿಸಿದ. ಫೆಯಾವೊ ಚರ್ಚಿನ ಗಾಯನದಲ್ಲಿ ಅವನ ಪಕ್ಕದಲ್ಲೇ ನಿಂತು ಹಾಡುತ್ತಿದ್ದವನು.

ಊರಿಗೆ ಬರುವ ದೋಣಿಗಳಿಗೆ ಹವಳದ ಬಂಡೆಗಳ ನಡುವೆ ಇರುವುದು ಒಂದೇ ಕಂಡಿ. ಅದರ ನೇರಕ್ಕೆ ದಡದ ಕಂಬದಲ್ಲಿ ಒಂದು ದೀಪ. ದೀಪ ಕಾಣದಿದ್ದರೆ ಹೊರಗೇ ನಿಂತು ಬೆಳಗಾಗುವವರೆಗೆ ಕಾಯಬೇಕು ಎಂಬುದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಕಂಬದ ಬಳಿ ಪಂಚನಾಮೆ ನಡೆಯಿತು. ಬಲ್ಬು ಸರಿಯಿತ್ತು, ಬ್ಯಾಟರಿ ಸರಿಯಿತ್ತು. ಯಾರೋ ಸ್ವಿಚ್ ಆರಿಸಿದ್ದರು, ಅಷ್ಟೇ. ಆದರೆ ಪೆಟ್ಟಿಗೆಯ ಮುಚ್ಚಳ ಹಾಕಿ, ಉಪ್ಪುನೀರು ಸಿಡಿಯದಂತೆ ಮೇಲೆ ಬಟ್ಟೆಯನ್ನೂ ಬಿಗಿದಿದ್ದರು.

"ಕೆಡಿಸೋಕೆ ಬಂದೋರು ಬಟ್ಟೆ ಯಾಕೆ ಕಟ್ತಾರೆ?" ಎಂದ ಸೆಮಿಸಿ.

ಕಾನ್ಸ್‌ಟೇಬಲ್ ಲೂಪೆ ಸ್ವಿಚ್ಚಿಗೆ ಮೂಗು ಹತ್ತಿರ ತಂದಳು. "ಗಂಧ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಸಾರ್. ಬೆರಳ ಗುರುತೂ ಇದೆ."

ಶೂಟಿಂಗ್ ಇದ್ದದ್ದು ಊರಿನ ಹುಡುಗರ ಬ್ಯಾಂಡಿನ ಹಾಡಿಗೆ. ಲೈಟ್‌ಮನ್ ಪೌಲಿ ರಾಜಧಾನಿಯಿಂದ ಬಂದವನು. ಬೆಳಗಿನ ಹಡಗು ಹತ್ತಲು ಪೊಲೀಸರು ಬಿಡದೆ ಜನರೇಟರಿನ ಮೇಲೆ ಮಂಕಾಗಿ ಕೂತಿದ್ದ.

"ಲೈಟು ಎಲ್ಲಿ ಕಟ್ಟಿದ್ರಿ?"

"ಆ ತೆಂಗಿನ ತುದೀಲಿ ಸಾರ್. ಚಂದ್ರ ಇನ್ನೂ ಹುಟ್ಟಿರ್ಲಿಲ್ಲ, ಬೆಳದಿಂಗಳು ಬೇಕಿತ್ತು. ಮೊದ್ಲು ಚರ್ಚ್ ಹಿಂದಿನ ಅಂಗಳ ಅಂತ ಗೊತ್ತು ಮಾಡಿದ್ವಿ. ಅಲ್ಲಿ ಬಿಳೀ ಗೋಡೆ, ಬೆಳಕು ಕಣ್ಣಿಗೆ ಹೊಡೀತು. ಕೊನೇ ಗಳಿಗೇಲಿ ದಡಕ್ಕೆ ತಂದ್ವಿ."

"ಕಂಡಿ ದೀಪ?"

"ಅಂಥದ್ದೊಂದಿದೆ ಅಂತಾನೇ ಗೊತ್ತಿಲ್ಲ. ನಾವು ಬಂದಾಗ ದಡವೆಲ್ಲ ಕಗ್ಗತ್ತಲು. ದೇವರಾಣೆ."

"ನಿಮ್ಮಲ್ಲಿ ಎಣ್ಣೆ ಯಾರು ಹಚ್ಕೊಂಡಿದ್ರು?"

"ಕುಣಿಯೋರು ತಾನೆ ಹಚ್ಕೊಳ್ಳೋದು? ಮೆಲೆನೈಟೆ ಒಬ್ಳೇ. ಉಳಿದೋರು ಗಿಟಾರಿನೋರು, ಎಣ್ಣೆ ಕೈಯಲ್ಲಿ ತಂತಿ ಜಾರತ್ತೆ." ಪೌಲಿ ನೆನಪಿಸಿಕೊಂಡ. "ಎಣ್ಣೆ ಹಚ್ಕೊಂಡ್ಮೇಲೆ ಎಲ್ಲೋ ಹೋಗಿದ್ಲು. ಬಂದು ಕೈಗೆ ಮತ್ತೆ ಹಚ್ಕೊಂಡ್ಲು."

ಮೆಲೆನೈಟೆ ಫೆಯಾವೊನ ಒಡಹುಟ್ಟಿದ ತಂಗಿ. ಸೆಮಿಸಿಗೆ ಅಲ್ಲಿಂದ ಮುಂದಕ್ಕೆ ಕೇಳುವ ಮನಸ್ಸೇ ಆಗಲಿಲ್ಲ. ಆದರೂ ಕೇಳಿದ. ಹಾಡು ಎಂಥದ್ದು? ಪ್ರೇಮಗೀತೆ. ಅಣ್ಣನೆದುರು ತಂಗಿ ಅಂಥದ್ದಕ್ಕೆ ಕುಣಿಯುವುದಿರಲಿ, ಅದು ರೇಡಿಯೊದಲ್ಲಿ ಬಂದರೂ ಇಬ್ಬರಲ್ಲೊಬ್ಬರು ಎದ್ದು ಹೋಗುವ ಊರು ಇದು. ಸೆಮಿಸಿಗೂ ತಂಗಿಯಿದ್ದಳು. ಅವಳ ಕೋಣೆಯ ಹೊಸ್ತಿಲನ್ನು ಅವನು ಈವರೆಗೆ ದಾಟಿರಲಿಲ್ಲ.

ಸಾವಿನ ಮನೆಗೆ ಹೋದಾಗ ಮೆಲೆನೈಟೆ, ಸೂತಕದ ವಾಡಿಕೆಯಂತೆ ಸೊಂಟಕ್ಕೆ ಚಾಪೆ ಸುತ್ತಿ ಹಗ್ಗ ಬಿಗಿದು, ಹೆಣದ ತಲೆಯ ಬಳಿ ಕೂತಿದ್ದಳು. ಸತ್ತವನ ಸೋದರಿಗೆ ಸಲ್ಲುವ ದೊಡ್ಡ ಮರ್ಯಾದೆಯ ಜಾಗವದು. ಬಂದವರೆಲ್ಲ ಚಾಪೆ, ನಾರುಬಟ್ಟೆ ತಂದು ಅವಳ ಮುಂದಿಟ್ಟು ತಲೆ ಬಾಗುತ್ತಿದ್ದರು. ಒಬ್ಬೊಬ್ಬರು ಬಾಗಿದಾಗಲೂ ಅವಳು ಕುಗ್ಗುತ್ತಿದ್ದಳು. ಸೆಮಿಸಿಯೂ ಬಾಗಿದ. ಅಲ್ಲಿಂದ ಅವಳನ್ನು ಎಬ್ಬಿಸಲು ಅವನಿಂದಾಗಲಿಲ್ಲ.

ಶನಿವಾರ ಮಣ್ಣಾಯಿತು. ಜನ ಚದುರಿದ ಮೇಲೆ ಅವನು ಸ್ಮಶಾನದ ಬೇಲಿಯ ಬಳಿ ಅವಳನ್ನು ತಡೆದ.

"ದೀಪ ಆರಿಸಿದ್ದು ನೀನಾ ತಂಗಿ?"

"ಹೂಂ."

"ಯಾಕೆ?"

"ನಾಳೆ ಬರ್ಬೇಕಾದೋನು ಇವತ್ತೇ ಬರ್ತಿದಾನೆ ಅಂತ ಅತ್ತಿಗೆ ಬಂದು ಹೇಳಿದ್ಲು. ಬೆಳಿಗ್ಗೆ ಹಡಗಿಗೆ ಲೈಟಿನೋರು ಹೊರಟು ಹೋಗ್ತಿದ್ರು, ಶೂಟಿಂಗ್ ಮುಂದಕ್ಕೆ ಹಾಕೋ ಹಾಗಿರ್ಲಿಲ್ಲ. ದೀಪ ಇಲ್ದಿದ್ರೆ ಹೊರಗೇ ಇರ್ತಾನೆ, ಒಂದು ರಾತ್ರಿ ತಾನೆ ಅಂದ್ಕೊಂಡೆ." ಅವಳು ಸೆಮಿಸಿಯ ಮುಖ ನೋಡಲಿಲ್ಲ. "ಅವನ ಕಣ್ಣೆದುರು ಹಾಗೆ ಕುಣಿಯೋದು ಹ್ಯಾಗೆ ಸಾರ್?"

"ದಡದಲ್ಲಿ ಲೈಟು ಹಾಕಿದಾಗಲಾದ್ರೂ..."

"ಹೊಳೀಲೇ ಇಲ್ಲ. ಅಂಥಾ ಬೆಳಕಲ್ಲಿ ನಿಂತೋರಿಗೆ ಸಮುದ್ರ ಕಾಣಲ್ಲ. ನನಗೆ ಖುಷಿಯಾಗಿತ್ತು ಸಾರ್. ಅವನು ಬಂಡೆಗೆ ಬಡಿಯೋವಾಗ ನಾನು ನಗ್ತಿದ್ದೆ. ನಗು ಅಂತ ಹೇಳಿದ್ರು."

ನಿರ್ಲಕ್ಷ್ಯದಿಂದ ಸಾವು ಎಂಬ ಆರೋಪದಡಿ ಅವಳನ್ನು ದಸ್ತಗಿರಿ ಮಾಡಲಾಯಿತು. ಠಾಣೆಯ ಹಿಂದಿನ ಕೋಣೆಯಲ್ಲಿ ಕೂರಿಸಿದಾಗಿನಿಂದ ಹಲಗೆಗೋಡೆಯ ಆಚೆ ಅಳು ಒಂದೇ ಸಮನೆ ಕೇಳುತ್ತಿತ್ತು. ದ್ವೇಷವಿಲ್ಲ, ಆಸೆಯಿಲ್ಲ. ಅಣ್ಣನ ಮೇಲಿನ ಗೌರವವೇ ಅಣ್ಣನನ್ನು ಕೊಂದಿದ್ದನ್ನು ವರದಿಯಲ್ಲಿ ಹೇಗೆ ಬರೆಯುವುದೋ ಸೆಮಿಸಿಗೆ ತಿಳಿಯಲಿಲ್ಲ.

ಸಂಜೆ ಆನಾಸೀನಿ ಹೇಳಿಕೆ ಕೊಡಲು ಬಂದಳು. ವಿಷಯ ಅವಳಿಗೆ ಆಗಲೇ ತಿಳಿದಿತ್ತು. ಸಹಿ ಹಾಕಿದ ಮೇಲೂ ಏಳಲಿಲ್ಲ.

"ಅವನಿಗೆ ಗೊತ್ತಿತ್ತು ಸಾರ್."

"ಏನು?"

"ಶೂಟಿಂಗು. ಫೋನಲ್ಲಿ ಹೇಳಿದ್ದ, ನಾನು ಬಂದೆ ಅಂತ ಅವಳು ಹಾಡು ನಿಲ್ಸೋದು ಬೇಡ, ದೋಣಿ ಕಟ್ಟಿ ತೋಟದ ಹಿಂದಿಂದ ಮನೆಗೆ ಬರ್ತೀನಿ, ಆ ಕಡೆ ತಲೆ ಎತ್ತಿಯೂ ನೋಡಲ್ಲ ಅಂತ."

"ಅವಳಿಗೆ ಹೇಳ್ಲಿಲ್ವಾ ನೀನು?"

"ಹೇಳೋಕಂತಾನೇ ಹೋದೆ. ಸುತ್ತ ಹುಡುಗರು ನಿಂತಿದ್ರು. ಅಂಥಾ ಮಾತು ಅವರೆದುರು ಆಡೋದಾ? ಬರ್ತಿದಾನೆ ಅಂತಷ್ಟೇ ಹೇಳಿ, ಉಳಿದಿದ್ದು ಆಮೇಲೆ ಹೇಳಿದ್ರಾಯ್ತು ಅಂತ ಬಂದ್ಬಿಟ್ಟೆ."

ಹಲಗೆಗೋಡೆಯ ಆಚೆ ಅಳು ಒಮ್ಮೆಲೇ ನಿಂತಿತು.

ಸೆಮಿಸಿ ದಡಬಡಿಸಿ ಎದ್ದು ಲೂಪೆಯನ್ನು ಕರೆದ. ಒಳಗೆ ಹೋಗಿ ಮೆಲೆನೈಟೆಯ ಸೊಂಟದಲ್ಲಿ ಸೂತಕದ ಚಾಪೆಗೆ ಬಿಗಿದಿದ್ದ ಹಗ್ಗವನ್ನು ತೆಗೆದುಕೊಳ್ಳಬೇಕೆಂದೂ, ಬೆಳಗಾಗುವವರೆಗೆ ಅವಳ ಪಕ್ಕದಿಂದ ಏಳಬಾರದೆಂದೂ ಹೇಳಿದ.