ಮೂರು ಗಂಟಿನ ಸೇಡು

"ಡೈಲಾಗ್ ಬಾಯಿಪಾಠ ಆಗಿದೆಯಾ?"

ಪವಿತ್ರ ತಲೆ ಎತ್ತದೆ ಕೇಳಿದಳು. ಕೈಯಲ್ಲಿದ್ದ ಕನ್ನಡಿಯಲ್ಲಿ ಅವನ ಬಿಳಿ ಅಂಗಿ, ಹೆಗಲ ಮೇಲಿನ ಟವೆಲು ಮಾತ್ರ ಕಾಣುತ್ತಿದ್ದವು. ಮುಖ ನೋಡಬಾರದೆಂದು ಬೆಳಗ್ಗೆಯೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

"ಆಗೈತೆ," ಎಂದ ಮಾರುತೇಶ. "ಒಂದ್ಸಲ ಹೇಳಿದ್ದ ಮಾತೇ ಅಲ್ವಾ... ಮರೆಯಾಕೆ ಆಗ್ಲಿಲ್ಲ."

ಆ ದನಿ... ಹನ್ನೊಂದು ವರ್ಷವಾದರೂ ಒಂದಿಷ್ಟೂ ಬದಲಾಗಿರಲಿಲ್ಲ. ಅವಳು ಕನ್ನಡಿಯನ್ನು ಮಗುಚಿ ಇಟ್ಟಳು.

'ಇದು ಕೋಪಕ್ಕೆ ಮಾಡಿದ್ದು. ಬರೀ ಕೋಪಕ್ಕೆ' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬಿ.ಜಿ. ಕೆರೆಯ ಅರಳಿಕಟ್ಟೆಯ ಸುತ್ತ ಅಂದು ಕಾಲಿಡಲು ಜಾಗವಿರಲಿಲ್ಲ. ಸಿನಿಮಾ ನಟಿ ಪವಿತ್ರ ಶೂಟಿಂಗಿಗೆ ಬಂದಿದ್ದಾಳೆಂದರೆ ಸುಮ್ಮನೆಯೇ? ಮೊಳಕಾಲ್ಮೂರಿನಿಂದಲೂ ಬೈಕುಗಳು ಬಂದಿದ್ದವು. ಕಡಲೆಕಾಯಿ ಬಿಡಿಸುವುದನ್ನು ಬಿಟ್ಟು ಬಂದ ಹೆಂಗಸರು ತಿರುಗಿ ಹೋಗುವ ಯೋಚನೆಯಲ್ಲೇ ಇರಲಿಲ್ಲ. ಆದರೆ ಅವಳು ಯಾಕೆ ಈ ಊರನ್ನೇ ಆರಿಸಿಕೊಂಡಳು, ದಾರಿ ಬದಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡಿದ್ದ ಮಾರುತೇಶನನ್ನೇ ಯಾಕೆ ಕ್ಯಾಮೆರಾ ಮುಂದೆ ನಿಲ್ಲಿಸಿದಳು ಎಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ.

ನಾವು ನೀವಾದರೆ ಸೇಡು ತೀರಿಸಿಕೊಳ್ಳಲು ಬೀದಿಯಲ್ಲಿ ನಿಂತು ಕೂಗಾಡಬೇಕು. ಅವಳ ಹತ್ತಿರ ಕ್ಯಾಮೆರಾ ಇತ್ತು.

ಪವಿತ್ರಳ ಅವ್ವ ಯರ್ರಮ್ಮ ಚಳ್ಳಕೆರೆಯವಳು. ಸುತ್ತಲ ಹಳ್ಳಿಗಳಲ್ಲಿ ನಾಟಕ ಆಡುವಾಗ ಗಂಡು ಪಾತ್ರಗಳೆಲ್ಲ ಊರಿನವರದು. ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹುಡುಗಿಯರನ್ನು ಸ್ಟೇಜ್ ಹತ್ತಿಸುವುದಿಲ್ಲ, ಚಳ್ಳಕೆರೆಯಿಂದ ಕಲಾವಿದೆಯನ್ನು ಕರೆಸಬೇಕು. ಯರ್ರಮ್ಮ ಹಾಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಊರೂರು ತಿರುಗಿ, ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಒಬ್ಬಳೇ ಮಗಳನ್ನು ಸಾಕಿದಳು. ಅವಳಿಗೆ ವಯಸ್ಸಾದಾಗ ಬಣ್ಣದ ಪೆಟ್ಟಿಗೆ ಪವಿತ್ರಳ ಕೈಗೆ ಬಂತು.

ಬಿ.ಜಿ. ಕೆರೆಯ ನಾಟಕದಲ್ಲಿ ಅವಳು ನಾಯಕಿ, ಊರ ಯಜಮಾನ ಬೊಮ್ಮಲಿಂಗಪ್ಪನ ಮಗ ಮಾರುತೇಶ ನಾಯಕ. ಹಾರ್ಮೋನಿಯಂ ಮೇಷ್ಟ್ರು ಜಂಪಣ್ಣ ತಾಲೀಮಿನ ಮೊದಲ ದಿನವೇ ಎಲ್ಲರಿಗೂ ಹೇಳುವ ಮಾತೊಂದಿತ್ತು. ಮದುವೆ ದೃಶ್ಯದಲ್ಲಿ ತಾಳಿಗೆ ಗಂಟು ಹಾಕಬಾರದು. ಹೆಣ್ಣಿನ ರವಿಕೆಯ ಹಿಂದೆ ಒಂದು ಪಿನ್ನು ಇರುತ್ತದೆ, ದಾರವನ್ನು ಅದಕ್ಕೆ ಸಿಕ್ಕಿಸಿ ಕೈ ಬಿಡಬೇಕು. ಆಟಕ್ಕೆ ಹಾಕಿದರೂ ಅದು ಮದುವೆಯೇ ಎಂಬುದು ಆ ಕಡೆಯ ನಂಬಿಕೆ.

ತಾಲೀಮಿನಲ್ಲಿ ಮಾರುತೇಶ ಪ್ರತಿಸಲವೂ ಪಿನ್ನಿಗೇ ಸಿಕ್ಕಿಸಿದ್ದ. ಅವರಿಬ್ಬರೂ ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಆಡಿರಲಿಲ್ಲ. ಅವಳ ಬಸ್ಸು ಬರುವ ಹೊತ್ತಿಗೆ ಅವನು ರಸ್ತೆಯಲ್ಲಿ ನಿಂತಿರುತ್ತಿದ್ದ, ಅಷ್ಟೆ. ಅವಳಿಗೆ ಅದೇ ಸಾಕಾಗಿತ್ತು.

ನಾಟಕದ ದಿನ ಅವನ ಬೆರಳು ಅವಳ ಕತ್ತಿನ ಹಿಂದೆ ಬಂದಾಗ ಪಿನ್ನನ್ನು ಹುಡುಕಲೇ ಇಲ್ಲ. ಒಂದು ಗಂಟು... ಇನ್ನೊಂದು... ಮತ್ತೂ ಒಂದು. ಅವಳಿಗೆ ಮುಂದಿನ ಮಾತೇ ಮರೆತುಹೋಯಿತು.

'ಇವನು ನನ್ನನ್ನು ನಿಜವಾಗಿ ಕಟ್ಟಿಕೊಂಡ!'

ಮರುದಿನ ಇದೇ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಗೊತ್ತಿದ್ದು ಕಟ್ಟಿದ್ದರೆ ಹುಡುಗಿ ಇಂದಿನಿಂದ ನಮ್ಮ ಮನೆಯ ಸೊಸೆ, ಗೊತ್ತಿಲ್ಲದೆ ಕಟ್ಟಿದ್ದರೆ ಬಿಚ್ಚಿಸಿ ಕಳಿಸೋಣ ಎಂದ ಬೊಮ್ಮಲಿಂಗಪ್ಪ. ಪವಿತ್ರ ಮಾರುತೇಶನ ಮುಖವನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ.

"ಗೊತ್ತಿಲ್ದೆ ಕಟ್ಟಿದೆ," ಎಂದ.

ಜಂಪಣ್ಣ ಗಂಟು ಬಿಚ್ಚುವಾಗ, ನಾಟಕದವಳಿಗೆ ನಾಟಕದ ತಾಳಿಯೇ ಗತಿ ಎಂದು ಯಾರೋ ಅಂದರು. ಜನ ನಕ್ಕರು. ಆ ನಗುವನ್ನು ಅವಳು ಈವರೆಗೂ ಮರೆತಿಲ್ಲ.

ಅದೇ ನಾಟಕ ನೋಡಿ ಹೋಗಿದ್ದ ನಿರ್ದೇಶಕರೊಬ್ಬರು ಕರೆದದ್ದರಿಂದ ಅವಳು ಸಿನಿಮಾಕ್ಕೆ ಹೋದಳು. ಮೊದಲು ತಂಗಿಯ ಪಾತ್ರ, ಆಮೇಲೆ ನಾಯಕಿ. ಅಳುವ ದೃಶ್ಯಕ್ಕೆ ಗ್ಲಿಸರಿನ್ ಬೇಡದ ನಟಿ ಎಂದು ಹೆಸರಾಯಿತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಕಟ್ಟೆಯನ್ನು ನೆನೆಸಿಕೊಳ್ಳುವುದು. ಪ್ರಶಸ್ತಿ ಬಂತು, ಮನೆ ಬಂತು, ಒಬ್ಬ ನಿರ್ಮಾಪಕನ ಜೊತೆ ಮದುವೆಯೂ ಆಯಿತು. ಆ ಮನುಷ್ಯ ಕೆಟ್ಟವನೇನಲ್ಲ. ನೀನು ಇಡೀ ದಿನ ಯಾರನ್ನೋ ದ್ವೇಷ ಮಾಡುತ್ತಾ ಕೂತಿರುತ್ತೀಯ, ನನ್ನ ಕಡೆ ನೋಡುವುದಕ್ಕೆ ನಿನಗೆ ಪುರುಸೊತ್ತೇ ಇಲ್ಲ ಎಂದು ಹೇಳಿ ಬಿಟ್ಟುಹೋದ. ಅವಳಿಗೆ ಅದೂ ಮಾರುತೇಶನ ತಪ್ಪು ಎಂದೇ ಕಂಡಿತು.

ಹಾಗಾಗಿ ಈ ಸಿನಿಮಾವನ್ನು ಅವಳೇ ಬರೆದಳು, ಅವಳೇ ದುಡ್ಡು ಹಾಕಿ ತೆಗೆಯಲು ಹೊರಟಳು. ತಾಳಿ ಕಟ್ಟಿ ಇಲ್ಲ ಎನ್ನುವ ಹೇಡಿಯ ಪಾತ್ರ ಅದರಲ್ಲಿ ಒಂದೇ ದೃಶ್ಯದ್ದು. ಆ ಪಾತ್ರಕ್ಕೆ ಇವನೇ ಬೇಕೆಂದಳು. ನಾಡಿನ ಪ್ರತಿ ಥಿಯೇಟರಿನಲ್ಲೂ ಅವನು ಆ ಮಾತನ್ನು ಹೇಳಬೇಕು. ಜನ ಅವನನ್ನು ನೋಡಿ ನಗಬೇಕು.

ಅವನು ಒಪ್ಪುವುದಿಲ್ಲ, ಬೇಡಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನು ಒಂದೇ ಮಾತಿಗೆ ಒಪ್ಪಿದ್ದ. ಅದೇ ಅವಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಆ್ಯಕ್ಷನ್," ಎಂದ ನಿರ್ದೇಶಕ ವಿಶ್ವನಾಥ್.

ಯಜಮಾನನ ಪಾತ್ರದಲ್ಲಿ ಕೂತಿದ್ದವನು ಮುದುಕನಾಗಿದ್ದ ಜಂಪಣ್ಣನೇ. ಬೊಮ್ಮಲಿಂಗಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಜಂಪಣ್ಣ ಕೇಳಿದ, ಮಾರುತೇಶ ಹೇಳಿದ. "ಗೊತ್ತಿಲ್ದೆ ಕಟ್ಟಿದೆ."

"ಒನ್ ಮೋರ್," ಎಂದಳು ಪವಿತ್ರ.

ಮತ್ತೆ ಹೇಳಿದ. ಮತ್ತೆ ಒನ್ ಮೋರ್. ಬಿಸಿಲು ಏರಿತು, ಅವನ ಬೆನ್ನು ಒದ್ದೆಯಾಯಿತು. ಮೊದಲ ಟೇಕೇ ಚೆನ್ನಾಗಿತ್ತಲ್ಲ ಮೇಡಂ ಎಂದು ವಿಶ್ವನಾಥ್ ಗೋಗರೆದ. ಅವಳು ಕೇಳಲಿಲ್ಲ. "ಚೂಡವೇ, ಮನ ಮಾರುತೇಶುಡು," ನೋಡೇ ನಮ್ಮ ಮಾರುತೇಶನ್ನ, ಎಂದು ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು ಪಕ್ಕದವಳಿಗೆ ತೆಲುಗಿನಲ್ಲಿ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪವಿತ್ರಳಿಗೆ ಹಿತವಾಗಬೇಕಿತ್ತು. ಆಗುತ್ತಿರಲಿಲ್ಲ. ಅವನ ಹೆಂಡತಿಯನ್ನು ಕರೆಸಿ ಮುಂದೆ ಕೂರಿಸಿ ಎಂದು ಆಜ್ಞೆ ಮಾಡಿದಳು. ಅವಳ ಎದುರಿಗೇ ಇವನ ಮಾನ ಹೋಗಲಿ!

ಮ್ಯಾನೇಜರ್ ಹೋಗಿ ವಿಚಾರಿಸಿ ಬಂದ. "ಅವರಿಗೆ ಮದುವೆಯಾಗಿಲ್ಲವಂತೆ ಮೇಡಂ. ಹೆಣ್ಣು ಕೊಡೋಕೆ ಬಂದವರನ್ನೆಲ್ಲ ಇವರೇ ವಾಪಸ್ ಕಳಿಸಿದ್ರಂತೆ."

'ಯಾಕೆ? ಗೊತ್ತಿಲ್ಲದೆ ಕಟ್ಟಿದವನಿಗೆ ಯಾವ ಅಡ್ಡಿ?' ಅವಳು ಉತ್ತರ ಹುಡುಕಲು ಹೋಗಲಿಲ್ಲ. ಹುಡುಕಿದರೆ ಕೋಪ ಕಡಿಮೆಯಾದೀತೆಂಬ ಭಯ.

"ಒನ್ ಮೋರ್," ಎಂದಳು ಇನ್ನೂ ಗಟ್ಟಿಯಾಗಿ.

"ಸಾಕು ನಿಲ್ಸೇ."

ಗುಂಪನ್ನು ಸರಿಸಿಕೊಂಡು ಕ್ಯಾಮೆರಾದ ಮುಂದೆಯೇ ಬಂದವಳು ಯರ್ರಮ್ಮ. ಮಗಳ ಶೂಟಿಂಗ್ ನೋಡಲೆಂದು ಚಳ್ಳಕೆರೆಯಿಂದ ಬಂದಿದ್ದಳು. ಇಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದಳು.

"ಅವ್ವಾ, ಪಕ್ಕಕ್ಕೆ ಬಾ. ಕೆಲ್ಸ ನಡೀತೈತೆ," ಎಂದಳು ಪವಿತ್ರ. ಊರ ಮಾತು ಅವಳಿಗೇ ಅರಿವಿಲ್ಲದೆ ಬಾಯಿಗೆ ಬಂದಿತ್ತು.

"ಆ ಮಾತು ಅವನದಲ್ಲ," ಎಂದಳು ಯರ್ರಮ್ಮ. "ನಾನು ಹೇಳ್ಸಿದ್ದು."

ಮಾರುತೇಶ ಅವಸರದಿಂದ ಮುಂದೆ ಬಂದು, ಈಗ ಯಾಕೆ ಬಿಡಿ ಎಂದು ತಡೆದ. ಯರ್ರಮ್ಮ ಅವನ ಕೈ ಸರಿಸಿದಳು. ನಾಟಕ ಮುಗಿದ ಮೇಲೆ ನಡೆದದ್ದನ್ನು ಹೇಳಿದಳು. ಗಂಟು ನಿಜವೆಂದಾದರೆ ಹುಡುಗಿ ಮನೆಗೆ ಬರಲಿ, ಆದರೆ ಇನ್ನು ಮುಖಕ್ಕೆ ಬಣ್ಣ ಮುಟ್ಟಿಸಬಾರದು ಎಂದು ಬೊಮ್ಮಲಿಂಗಪ್ಪ ಮೊದಲೇ ತಿಳಿಸಿದ್ದ. ಅತ್ತ ನಾಟಕ ನೋಡಲು ಬಂದಿದ್ದ ಸಿನಿಮಾದವರು ಮಗಳನ್ನು ಕಳಿಸಿ ಎಂದು ಅಂದು ರಾತ್ರಿಯೇ ಕೇಳಿದ್ದರು. ಯರ್ರಮ್ಮ ಪರದೆಯ ಹಿಂದೆ ಮಾರುತೇಶನ ಕಾಲು ಹಿಡಿದುಕೊಂಡಿದ್ದಳು.

"ನಾನು ಜೀವಮಾನ ಎಲ್ಲ ಬೇರೆಯವರ ಊರಾಗೆ ಕುಣಿದೆ. ನೀನಾದ್ರೂ ದೊಡ್ಡ ಪರದೆ ಮ್ಯಾಲೆ ಕಾಣ್ಬೇಕು ಅಂತ ಆಸೆ ಇತ್ತು ಕಣೇ. ಇವನು ಹೂಂ ಅಂದಿದ್ರೆ ನೀನು ಇಲ್ಲೇ ಉಳೀತಿದ್ದೆ."



ಇಂಥ ಜಾಗದಲ್ಲಿ ನಾಯಕಿ ಓಡಿಹೋಗಿ ನಾಯಕನ ಎದೆಗೆ ಒರಗಬೇಕು. ಪವಿತ್ರ ಹಾಗೆ ಮಾಡುವ ಹೆಣ್ಣಲ್ಲ. ಅವಳ ಕೋಪ ಇಳಿಯುವ ಬದಲು ನೆತ್ತಿಗೇರಿತು. ಕಟ್ಟೆಯಿಂದ ಇಳಿದು, ಮಾರುತೇಶನ ತೋಳು ಹಿಡಿದು, ಜನರಿಂದ ದೂರ ಜನರೇಟರ್ ವ್ಯಾನಿನ ಮರೆಗೆ ಎಳೆದುಕೊಂಡು ಹೋದಳು. ಈಗ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಕಿವಿಯ ಹತ್ತಿರ ನರೆ ಬಂದಿತ್ತು.

"ದೇವರಾಗಿಬಿಟ್ಟೆ ಅಂದ್ಕೊಂಡ್ಯಾ?"

"ಇಲ್ಲ."

"ನೀನೂ ಅವ್ವನೂ ಕೂತು ನನ್ನ ಬದುಕು ಹಂಚ್ಕೊಂಡ್ರಿ. ನನ್ನನ್ನ ಯಾರು ಕೇಳಿದ್ರು? ಜನ ನಕ್ಕಿದ್ದು ನನ್ನ ನೋಡಿ, ನಿನ್ನ ನೋಡಿ ಅಲ್ಲ. ನಾನು ಅಷ್ಟು ವರ್ಷ ಉರೀತಾ ಇದ್ರೆ, ನೀನಿಲ್ಲಿ ತ್ಯಾಗ ಮಾಡ್ದೆ ಅಂತ ಹಾಯಾಗಿ ಕೂತಿದ್ದೆ."

"ತ್ಯಾಗ ಅಲ್ಲ ಪವಿ..." ಅವನು ತಡವರಿಸಿದ. "ಹೆದ್ರಿಕೆ. ನಿಮ್ಮವ್ವ ಕಾಲಿಗೆ ಬೀಳ್ದಿದ್ರೂ ನಾನು ಹಂಗೇ ಹೇಳ್ತಿದ್ನೇನೋ. ಇವನಿಂದ ನನ್ನ ಬದುಕು ಹಾಳಾತು ಅಂತ ನೀನು ಒಂದಿನ ನನ್ನ ನೋಡ್ತೀಯ, ಆ ನೋಟ ತಡ್ಕಣಾಕೆ ಆಗಲ್ಲ ಅಂತ ಹೆದ್ರಿದೆ. ನೀನು ಬರ್ದಿದ್ದು ಸರಿಯಾಗೇ ಐತೆ. ನಾನು ಹೇಡಿನೇ."

ಅವನು ತನ್ನನ್ನು ಸಮರ್ಥಿಸಿಕೊಂಡಿದ್ದರೆ ಹೊಡೆದುಬಿಡುತ್ತಿದ್ದಳೇನೋ. ಹೀಗೆ ಒಪ್ಪಿಕೊಂಡವನನ್ನು ಏನು ಮಾಡುವುದು?

"ಮತ್ತೆ ಈ ಪಾತ್ರಕ್ಕೆ ಯಾಕೆ ಒಪ್ಪಿದೆ? ಮರ್ಯಾದೆ ತೆಗೀತೀನಿ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಆದ್ರೆ ನಿನ್ನ ಎದುರಿಗೆ ನಿಲ್ಲಾಕೆ ನಂಗೆ ಬೇರೆ ದಾರಿ ಎಲ್ಲೈತೆ?"

ಕಣ್ಣೀರು ಬರದಂತೆ ಹಲ್ಲು ಕಚ್ಚಿದಳು. ಅವಳಿಗೆ ಬೇಕಾಗಿದ್ದದ್ದು ಅವನ ಅವಮಾನವಲ್ಲ ಎಂಬುದು ಆ ಕ್ಷಣದಲ್ಲಿ ಅವಳಿಗೇ ಗೊತ್ತಾಯಿತು. ಅಂದು ಈ ಊರಿನ ಎದುರು ತನ್ನಿಂದ ಕಸಿದುಕೊಂಡ ಒಂದು ಮಾತು, ಅದೇ ಊರಿನ ಎದುರು ವಾಪಸ್ ಬರಬೇಕಿತ್ತು. ಅದಕ್ಕಿಂತ ಕಡಿಮೆ ಯಾವುದಕ್ಕೂ ಅವಳು ಸಿದ್ಧಳಿರಲಿಲ್ಲ.

"ಇನ್ನೊಂದು ಟೇಕ್ ಐತೆ," ಎಂದಳು. "ಈ ಸಲ ನಾನು ಬರ್ದಿದ್ದು ಹೇಳ್ಬೇಡ. ಹೆದರ್ಕೊಂಡು ನಿಂತ್ರೆ ಮಾತ್ರ, ಇನ್ನು ಈ ಜನ್ಮದಲ್ಲಿ ನನ್ನ ಮುಖ ನೋಡ್ಬೇಡ."

ಅವಳು ಕಟ್ಟೆಗೆ ವಾಪಸ್ ಬಂದಳು. ಯರ್ರಮ್ಮ ಇನ್ನೂ ಬಿಸಿಲಲ್ಲೇ ನಿಂತಿದ್ದಳು. ಪವಿತ್ರ ಅವಳ ಜೊತೆ ಮಾತಾಡಲಿಲ್ಲ, ತನ್ನ ಕುರ್ಚಿಯನ್ನು ಎತ್ತಿ ಅವಳ ಹಿಂದೆ ಇಟ್ಟು ಹೋದಳು. ಕ್ಷಮಿಸಲು ಇನ್ನೂ ಸಮಯ ಬೇಕಿತ್ತು. ಅವ್ವ ಮಾತ್ರ ಕೂತುಕೊಂಡು ಮಗಳನ್ನೇ ನೋಡುತ್ತಿದ್ದಳು.

ಕ್ಯಾಮೆರಾ ಓಡಿತು. ಜಂಪಣ್ಣ ಕೇಳಿದ. "ಗೊತ್ತಿದ್ದು ಕಟ್ಟಿದ್ಯೋ, ಗೊತ್ತಿಲ್ದೆ ಕಟ್ಟಿದ್ಯೋ?"

ಮಾರುತೇಶ ನೆಲ ನೋಡಲಿಲ್ಲ. ಜನರನ್ನು ಒಮ್ಮೆ ನೋಡಿ ಪವಿತ್ರಳ ಕಡೆ ತಿರುಗಿದ.

"ಗೊತ್ತಿದ್ದೇ ಕಟ್ಟಿದೆ. ಪಿನ್ನು ಕೈಗೆ ಸಿಕ್ಕಿತ್ತು, ಅದನ್ನ ಬಿಟ್ಟು ಗಂಟು ಹಾಕ್ದೆ. ಇವಳೇ ನನ್ನ ಹೆಂಡ್ತಿ ಅಂತ ಕಟ್ದೆ. ಆಮ್ಯಾಲೆ ಇದೇ ಕಟ್ಟೆ ಮ್ಯಾಲೆ ನಿಂತು ಸುಳ್ಳು ಹೇಳ್ದೆ. ಅವತ್ತು ನಕ್ಕವರೆಲ್ಲ ಈಗ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. ಜಂಪಣ್ಣ ತಾನು ಪಾತ್ರದಲ್ಲಿದ್ದೇನೆಂಬುದನ್ನೇ ಮರೆತು ಎದ್ದು ನಿಂತ. ಪವಿತ್ರ ಮುಖ ಮುಚ್ಚಿಕೊಳ್ಳಲಿಲ್ಲ. ಊರೆಲ್ಲ ನೋಡಲಿ ಎಂಬಂತೆ ನಿಂತೇ ಅತ್ತಳು.

"ಕಟ್ ಕಟ್! ಮೇಡಂ, ಕಥೆಯೇ ಕೆಟ್ಟುಹೋಯ್ತಲ್ಲ," ಎಂದ ವಿಶ್ವನಾಥ್.

ಕಥೆ ನನ್ನದು, ನಾನು ನೋಡಿಕೊಳ್ಳುತ್ತೇನೆ, ಊಟಕ್ಕೆ ಬಿಡಿ ಎಂದಳು ಅವಳು.

ಜನ ಕರಗಿದ ಮೇಲೆ ಮಾರುತೇಶ ಹತ್ತಿರ ಬಂದ, ಆದರೂ ಒಂದು ಮೊಳ ದೂರದಲ್ಲೇ ನಿಂತುಕೊಂಡ.

"ಅವತ್ತು ನಿನ್ನ ಕೇಳ್ಲಿಲ್ಲ. ಈಗ ಕೇಳ್ತೀನಿ. ಏನ್ ಮಾಡಾನ ಹೇಳು."

"ನಾನು ಸಿನಿಮಾ ಬಿಡಲ್ಲ."

"ಬಿಡು ಅಂತ ಯಾರಂದ್ರು? ಮೋಟಾರು ಕೆಡದ ಊರು ಯಾವುದೈತೆ? ನೀನಿದ್ದಲ್ಲೇ ಅಂಗಡಿ ಹಾಕ್ತೀನಿ."

"ಕೋಪನೂ ಬಿಡಲ್ಲ. ಇಷ್ಟು ವರ್ಷದ್ದು ಬಾಕಿ ಐತೆ. ದಿನಾ ಬೈತೀನಿ."

ಅವನು ಆ ಒಂದು ಮೊಳವನ್ನೂ ದಾಟಿ ಬಂದು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಬೈಯಿ," ಎಂದ. "ದೂರದಿಂದ ಬೈದ್ರೆ ನಂಗೆ ಕೇಳ್ಸಲ್ಲ ಪವಿ. ಹತ್ರ ಕೂತ್ಕಂಡು ಬೈಯಿ."