ಹೆಸರಿನ ಸಾಲು

ನಾನು ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಕಸುಬು ಅಪ್ಪನದು. ಅಣ್ಣನೂ ನಾನೂ ಅಪ್ಪನ ಪಕ್ಕದಲ್ಲೇ ಕೂತು ಕಲಿತೆವು. ಅಪ್ಪನ ಕಟ್ಟಪ್ಪಣೆ ಒಂದೇ: ಕಲ್ಲಿನ ಮೇಲೆ ತನ್ನ ಹೆಸರನ್ನು ತಾನೇ ಬರೆಯಬಾರದು. ಆಮೇಲೆ ಅಣ್ಣ ಸೈನ್ಯ ಸೇರಿದ, ಗಡಿಯಲ್ಲಿ ಸತ್ತ.

ಅವನಿದ್ದ ಸೇನಾ ನೆಲೆ ಮುಚ್ಚಿ ಹನ್ನೆರಡು ವರ್ಷವಾಯಿತು. ಬ್ಯಾರಕ್ಕುಗಳಲ್ಲಿ ಈಗ ಹಳೇ ಟೈರು ತುಂಬಿದ್ದಾರೆ. ಅಂಗಳದಲ್ಲಿ ಅಣ್ಣನ ಸ್ಮಾರಕ ಮಾತ್ರ ಉಳಿದಿದೆ. ವರ್ಷಕ್ಕೊಮ್ಮೆ ಹೋಗಿ ಅದರ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುತ್ತೇನೆ. ಅತ್ತಿಗೆ ಬರುವುದಿಲ್ಲ.

ಈ ಸಲ ಮೊದಲ ದಿನ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದು, ಡಬ್ಬಿ, ಕುಂಚ ಅಲ್ಲೇ ನೆರಳಿನಲ್ಲಿಟ್ಟು ಬಂದೆ. ಮರುದಿನ ಮಧ್ಯಾಹ್ನ ಹೋದಾಗ ಕಾವಲುಗಾರ ಗೇಟಿನ ಬೀಗ ತೆಗೆಯುತ್ತ ಕೇಳಿದ:

"ಬೆಳಗ್ಗೆಯಿಂದ ಬಣ್ಣದ ವಾಸನೆ ಬರ್ತಿದೆ. ನೀವೇನು ಗೋಡೆ ಹಾರಿ ಬಂದಿದ್ರಾ?"

"ನಾನಲ್ಲ. ಬೇರೆ ಯಾರಾದ್ರೂ ಬಂದಿದ್ರಾ?"

"ಕೀ ನನ್ನ ಸೊಂಟದಲ್ಲೇ ಇದೆ. ಇಲ್ಲಿಗೆ ಒಂದು ನರಪಿಳ್ಳೆನೂ ಸುಳಿಯಲ್ಲ ಸಾರ್."

ಅಂಗಳದ ನೆಲ ಚಪ್ಪಲಿಯ ಮೂಲಕವೇ ಸುಡುತ್ತಿತ್ತು. ಕಲ್ಲು ಮುಟ್ಟಿದೆ. ಮಡಕೆಯ ನೀರಿನಷ್ಟು ತಣ್ಣಗಿತ್ತು. ನೆರಳಿನಲ್ಲಿದ್ದ ಕುಂಚದ ಹಿಡಿ ಮಾತ್ರ, ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟಂತೆ ಬೆಚ್ಚಗಿತ್ತು. ನನಗೆ ಹೆದರಿಕೆ ಆಗಲಿಲ್ಲ. ಅಳುವೂ ಬರಲಿಲ್ಲ.

ಪಡೆಯ ಹೆಸರು, ಹುಟ್ಟಿದ ದಿನ, ಸತ್ತ ದಿನ, ಎಲ್ಲದರಲ್ಲೂ ಹಸಿ ಬಣ್ಣ ತುಂಬಿತ್ತು. ಒಂದು ಹನಿಯೂ ಗೆರೆ ದಾಟಿರಲಿಲ್ಲ. ಅಣ್ಣನ ಹೆಸರಿನ ಸಾಲು ಮಾತ್ರ ಖಾಲಿ ಉಳಿದಿತ್ತು.