ಚಪ್ಪರವಿಲ್ಲದ ಚಪ್ಪರದವರೆ

ಜಂಬ ಅನ್ನಿ, ಏನಾದರೂ ಅನ್ನಿ, ನಮ್ಮ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಚಪ್ಪರದವರೆ ಬೆಳೆಯುವವರಿಲ್ಲ. ಈ ಸಲ ಮಹಡಿಯ ಕುಂಡಕ್ಕೆ ಬೀಜ ಹಾಕಿದವಳು, ಹಬ್ಬಲು ಕೋಲು ನೆಡುವುದನ್ನೇ ಮರೆತು ತಂಗಿಯ ಮನೆಗೆ ಹೋದೆ. ಎರಡು ತಿಂಗಳಾದ ಮೇಲೆ ಬಂದು ನೋಡಿದರೆ ಬಳ್ಳಿ ಆಳೆತ್ತರ ನಿಂತಿತ್ತು, ಖಾಲಿ ಗಾಳಿಯನ್ನು ಸುತ್ತಿಕೊಂಡು.

"ನೀವು ನೆಟ್ಟ ಕೋಲು ಮತ್ತೆ ಯಾಕ್ರೀ ತೆಗೆದ್ರಿ?" ಅಂದೆ.

"ನಾನು ಬರೀ ನೀರು ಹಾಕಿದ್ದು ಕಣೇ," ಅಂದರು ನಮ್ಮ ಮನೆಯವರು.

ಮಟಮಟ ಮಧ್ಯಾಹ್ನದಲ್ಲೂ ಬಳ್ಳಿಯ ಹತ್ತಿರ ತಣ್ಣಗಿತ್ತು. ಗಾಳಿಗೆ ಬಿದ್ದೀತೆಂದು ಅವರು ಸುರುಳಿಯೊಳಕ್ಕೆ ಮೇಲಿನಿಂದ ಬಿದಿರುಕೋಲು ಇಳಿಸಿದರು. ಅದು ಅರ್ಧಕ್ಕೇ ನಿಂತಿತು. ಒತ್ತಿದರೆ, ಮೆತ್ತಗೆ ವಾಪಸ್ ಬಂತು.

"ಕಿತ್ತು ಬಿಸಾಕೋಣ ಕಣೇ."

"ನನ್ನ ಬಳ್ಳಿ ತಂಟೆಗೆ ಬಂದ್ರೆ ನೋಡಿ ಮತ್ತೆ!"

ಈಗ ದಿನಾ ಬುಟ್ಟಿ ತುಂಬ ಕಾಯಿ. ಎತ್ತರದ ಗೊಂಚಲಿಗೆ ಕೈ ಚಾಚಿದರೆ ಸಾಕು, ಬಳ್ಳಿ ತಾನೇ ಬಗ್ಗುತ್ತದೆ. ಕುಯ್ದಾದ ಮೇಲೆ ನೆಟ್ಟಗಾಗುತ್ತದೆ.